ಯೆಲ್ಲೋ ಲ್ಯಾಬ್ ಮರಿ ಮಾಡಿಸುವುದು, ಫೋಟೊ ತೆಗೆಯುವುದು

ಅಂಗಡಿಗಳಲ್ಲಿ ‘ಆಫ್ರಿಕನ್’ ಎಂದು ಚೀಟಿ ಅಂಟಿಸಿದ ಟ್ಯಾಂಕಿನಲ್ಲಿ ಹಳದಿ, ನೀಲಿ, ಕಿತ್ತಳೆ ಮೀನುಗಳನ್ನು ಒಟ್ಟಿಗೆ ಬಿಟ್ಟಿರುತ್ತಾರೆ. ಅದರಲ್ಲಿ ನಿಂಬೆಹಣ್ಣಿನ ಬಣ್ಣದ್ದು, ಬೆನ್ನಿನ ಈಜುರೆಕ್ಕೆಯುದ್ದಕ್ಕೂ ಕಪ್ಪು ಗೆರೆ ಎಳೆದಂತಿರುವುದು ಯೆಲ್ಲೋ ಲ್ಯಾಬ್. ಊರು ಆಫ್ರಿಕಾದ ಮಲಾವಿ ಸರೋವರ, ಶಾಸ್ತ್ರೀಯ ಹೆಸರು ಲ್ಯಾಬಿಡೋಕ್ರೋಮಿಸ್ ಸಿರೂಲಿಯಸ್. ಸಿರೂಲಿಯಸ್ ಅಂದರೆ ನೀಲಿ! 1956ರಲ್ಲಿ ಫ್ರೈಯರ್ ಹೆಸರಿಟ್ಟದ್ದು ನ್ಖಾಟಾ ಬೇ ಕಡೆಯ ಬಿಳಿ-ನೀಲಿ ಮೀನಿಗೆ. ಹಳದಿ ಬಗೆ ಆಮೇಲೆ ಪ್ರಸಿದ್ಧವಾಯಿತು, ಹೆಸರು ಮಾತ್ರ ನೀಲಿಯಾಗಿಯೇ ಉಳಿಯಿತು.

ಆಫ್ರಿಕನ್ ಸಿಕ್ಲಿಡ್ (ಈ ಮೀನು ಸೇರಿರುವ ಕುಟುಂಬ) ಸಾಕಲು ಹೊರಟವರಿಗೆ ಮೊದಲ ಮೀನು ಇದೇ ಆಗಲಿ. ಜಗಳ ಕಡಿಮೆ, ಮರಿ ಸುಲಭ, ಹೆಣ್ಣು ಗಂಡು ಎರಡಕ್ಕೂ ಬಣ್ಣವಿದೆ. ಕೊಳ್ಳುವಾಗ ಮಾತ್ರ ಎಚ್ಚರ. ಅದೇ ಸರೋವರದ ರೆಡ್ ಜೀಬ್ರಾ ಜೊತೆ ಇದು ಕೂಡುತ್ತದೆ, ಆ ಬೆರಕೆ ಮರಿಗಳೂ ಹಳದಿಯೇ. ಕಪ್ಪು ಗೆರೆ ಮಸುಕಾಗಿದ್ದರೆ, ಹಳದಿಗೆ ಕಿತ್ತಳೆ ಛಾಯೆ ಬೆರೆತಿದ್ದರೆ, ಮೂತಿ ಮೊಂಡಾಗಿದ್ದರೆ ಬೆರಕೆ ಎಂದುಕೊಂಡು ಮುಂದೆ ಹೋಗಿ. ಇದೊಂದೇ ಜಾತಿ ಇರುವ ಟ್ಯಾಂಕಿನಿಂದ 3–4 ಸೆಂ.ಮೀ. ಉದ್ದದ ಎಂಟು ಮರಿ ತನ್ನಿ. ಆ ವಯಸ್ಸಿನಲ್ಲಿ ಗಂಡು ಹೆಣ್ಣು ಗೊತ್ತಾಗುವುದಿಲ್ಲ. ಎಂಟು ತಂದರೆ ಎರಡೂ ಸಿಗುವುದು ಬಹುತೇಕ ಖಚಿತ. ಬೆಳೆದ ಮೇಲೆ ಒಂದು ಗಂಡಿಗೆ ಮೂರು ಹೆಣ್ಣು ಉಳಿಸಿಕೊಂಡರೆ ಸಾಕು. ಗುದದ ಈಜುರೆಕ್ಕೆಯ ಮೇಲಿನ ಹಳದಿ ಚುಕ್ಕೆ ನೋಡಿ ‘ಇದು ಗಂಡು’ ಎನ್ನುವವರ ಮಾತು ನಂಬಬೇಡಿ, ಹೆಣ್ಣಿಗೂ ಅದು ಇರುತ್ತದೆ. ಗಾತ್ರದಲ್ಲಿ ದೊಡ್ಡದು, ಹೊಟ್ಟೆಯ ಈಜುರೆಕ್ಕೆ ಕಾಡಿಗೆ ಹಚ್ಚಿದಷ್ಟು ಕಪ್ಪು ಎಂದರೆ ಗಂಡಿರಬಹುದು. ಆದರೆ ಜೋರು ಮಾಡುವ ಹೆಣ್ಣಿಗೂ ಆ ಕಪ್ಪು ಬರುವುದುಂಟು.

ಟ್ಯಾಂಕು, ನೀರು

4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕು ಬೇಕು. ಲೆಕ್ಕಕ್ಕೆ 255 ಲೀಟರ್, ಕಲ್ಲು ಮರಳು ಹಾಕಿದ ಮೇಲೆ ಸುಮಾರು 210. ಭಾರ 300 ಕಿಲೋ ದಾಟುವುದರಿಂದ ಸ್ಟ್ಯಾಂಡು ಗಟ್ಟಿ ಇರಲಿ. ಕಲ್ಲುಗಳನ್ನು ಮರಳಿನ ಮೇಲೆ ಕೂರಿಸಬೇಡಿ. ಮೊದಲು ತಳದ ಗಾಜಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಕಲ್ಲು, ಆಮೇಲೆ ಸುತ್ತ 3–4 ಸೆಂ.ಮೀ. ಮರಳು. ಮೀನು ಮರಳು ಕೆದಕಿದರೆ ಮೇಲಿನ ಕಲ್ಲು ಜಾರಿ ಗಾಜು ಒಡೆಯುತ್ತದೆ. ಕಲ್ಲಿನ ಮೇಲೆ ವಿನೆಗರ್ ಹನಿಸಿದಾಗ ನೊರೆ ಬಂದರೆ ಅದರಲ್ಲಿ ಸುಣ್ಣವಿದೆ. ಬೇರೆ ಮೀನಿನ ಟ್ಯಾಂಕಿಗೆ ಅದು ದೋಷ, ಇಲ್ಲಿ ಲಾಭ.

ಮಲಾವಿ ನೀರು ಗಡಸು, ಪಿಎಚ್ 7.7ರಿಂದ 8.6. ಉಷ್ಣತೆ 25–27 ಡಿಗ್ರಿ ಇಟ್ಟುಕೊಳ್ಳಿ. ಕರ್ನಾಟಕದ ಒಳನಾಡಿನಲ್ಲಿ ಪಾತ್ರೆಗೆ ಬಿಳಿ ಪೊರೆ ಕಟ್ಟಿಸುವ ಬೋರ್‌ವೆಲ್ ನೀರು ಎಲ್ಲರಿಗೂ ತಲೆನೋವು, ಈ ಮೀನಿಗೆ ಮಾತ್ರ ತವರಿನ ನೀರು. ಆರ್‌ಒ ನೀರು ಬೇಡವೇ ಬೇಡ. ನಲ್ಲಿ ನೀರು ಮೆದುವಾಗಿದ್ದರೆ ಕೆಎಚ್ (ನೀರಿನ ಕಾರ್ಬೊನೇಟ್ ಗಡಸುತನ) ಅಳೆದು ನೋಡಿ, 8 ಡಿಗ್ರಿಗಿಂತ ಕಡಿಮೆ ಬಂದರೆ ಅಡಿಗೆ ಸೋಡಾ ಸೇರಿಸಿ. 100 ಲೀಟರಿಗೆ 3 ಗ್ರಾಂ ಹಾಕಿದರೆ ಒಂದು ಡಿಗ್ರಿ ಏರುತ್ತದೆ. ದಿನಕ್ಕೆ ಒಂದು ಡಿಗ್ರಿಗಿಂತ ಹೆಚ್ಚು ಏರಿಸಬೇಡಿ. ಕ್ಲೋರಿನ್ ತೆಗೆಯಲು ಅಂಗಡಿಯ ಆಂಟಿ-ಕ್ಲೋರಿನ್ ಸಾಕು. ಹಳೆಯ ಫೋಟೊ ಸ್ಟುಡಿಯೊಗಳ ಕತ್ತಲೆ ಕೋಣೆಯಲ್ಲಿ ಬಳಸುತ್ತಿದ್ದ ಹೈಪೋವೇ ಸಾಮಾನ್ಯವಾಗಿ ಅದರಲ್ಲಿರುವುದು.

ಮೀನಿನ ಹಿಕ್ಕೆ, ಉಳಿದ ಆಹಾರದಿಂದ ನೀರಿಗೆ ಸೇರುವ ಅಮೋನಿಯ ಪಿಎಚ್ ಹೆಚ್ಚಿದ್ದಾಗ ಹೆಚ್ಚು ವಿಷ. 26 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯದಲ್ಲಿ ವಿಷಕಾರಿ ಭಾಗ ಶೇ. 1ಕ್ಕೂ ಕಡಿಮೆ, 8.2 ಇದ್ದರೆ ಶೇ. 9ರ ಹತ್ತಿರ. ಗೋಲ್ಡ್‌ಫಿಶ್ ಟ್ಯಾಂಕಿನಲ್ಲಿ ನಡೆದುಹೋಗುವ ತಪ್ಪು ಇಲ್ಲಿ ಜೀವಕ್ಕೆ ಬರುತ್ತದೆ. ಆದ್ದರಿಂದ ಫಿಲ್ಟರ್ ಓಡಿಸಿ 4–6 ವಾರ ಸೈಕಲ್ ಮಾಡಿ (ಅಮೋನಿಯ ಕರಗಿಸುವ ಬ್ಯಾಕ್ಟೀರಿಯ ಫಿಲ್ಟರಿನಲ್ಲಿ ಬೆಳೆಯಲು ಬಿಡುವುದು), ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆಯೇ ಮೀನು ಬಿಡಿ. ಗಂಟೆಗೆ 1000–1200 ಲೀಟರ್ ಹರಿಸುವ ಕ್ಯಾನಿಸ್ಟರ್ (ಟ್ಯಾಂಕಿನ ಹೊರಗಿಡುವ ಡಬ್ಬಿ ಫಿಲ್ಟರ್) ಜೊತೆಗೆ ಒಂದು ಸ್ಪಂಜ್ ಫಿಲ್ಟರ್ ಇರಲಿ, ಅದು ಮುಂದೆ ಮರಿ ಟ್ಯಾಂಕಿಗೆ ಬೇಕಾಗುತ್ತದೆ. ವಾರಕ್ಕೊಮ್ಮೆ ಶೇ. 30 ನೀರು ಬದಲಿಸಿ. ಕರೆಂಟು ಹೋಗುವ ಊರಾದರೆ ಬ್ಯಾಟರಿಯ ಏರ್ ಪಂಪು ಕಡ್ಡಾಯ.

ಆಹಾರ ದಿನಕ್ಕೆ ಎರಡು ಸಲ, ಒಂದು ನಿಮಿಷದಲ್ಲಿ ಮುಗಿಯುವಷ್ಟು ಸ್ಪಿರುಲಿನಾ (ಒಂದು ಬಗೆಯ ಪಾಚಿ) ಇರುವ ಸಣ್ಣ ಗುಳಿಗೆ. ಮಾಂಸ, ಹೃದಯದ ಚೂರು ಹಾಕಬೇಡಿ. ತಿಂದದ್ದನ್ನು ಉಗುಳುವುದು, ದಾರದಂಥ ಬಿಳಿ ಹಿಕ್ಕೆ, ಊದಿದ ಹೊಟ್ಟೆ ಕಂಡರೆ ಮಲಾವಿ ಬ್ಲೋಟ್ ಎಂಬ ರೋಗ. ಹೊಟ್ಟೆ ಊದುವ ಮುಂಚೆ, ತಿನ್ನುವುದು ಬಿಟ್ಟ ದಿನವೇ ಆ ಮೀನನ್ನು ಬೇರೆ ಮಾಡಬೇಕು. ಊದಿದ ಮೇಲೆ ಉಳಿಯುವುದು ಅಪರೂಪ.

ಮೊಟ್ಟೆಯಿಂದ ಮರಿಗೆ

ಮೀನು 5–6 ಸೆಂ.ಮೀ. ಆದಾಗ, ಸಾಮಾನ್ಯವಾಗಿ ಆರೆಂಟು ತಿಂಗಳಿಗೆ, ಗಂಡು ಒಂದು ಕಲ್ಲಿನ ಸಂದು ಹಿಡಿದು ಮೈ ನಡುಗಿಸುತ್ತ ಹೆಣ್ಣನ್ನು ಕರೆಯತೊಡಗುತ್ತದೆ. ಎರಡೂ ಒಂದರ ಬಾಲದ ಹತ್ತಿರ ಇನ್ನೊಂದರ ಮೂತಿ ಇಟ್ಟು ಸುತ್ತುತ್ತವೆ. ಹೆಣ್ಣು ಒಂದೆರಡು ಮೊಟ್ಟೆ ಇಟ್ಟು, ತಿರುಗಿ, ತಕ್ಷಣ ಬಾಯಿಗೆ ಎತ್ತಿಕೊಳ್ಳುತ್ತದೆ. ಆಮೇಲೆ ಗಂಡಿನ ಗುದದ ಈಜುರೆಕ್ಕೆಗೆ ಬಾಯಿ ಹಾಕಿದಾಗ ವೀರ್ಯ ಒಳಗೆ ಸೇರಿ ಮೊಟ್ಟೆ ಫಲಿಸುತ್ತದೆ. ಒಂದು ಸಲಕ್ಕೆ 10ರಿಂದ 30 ಮೊಟ್ಟೆ, ಒಂದೊಂದೂ ಮೆಂತ್ಯದ ಕಾಳಿನಂತೆ. ಬಾಯಲ್ಲಿ ಮರಿ ಮಾಡುವ ಮೀನು ನಮಗೆ ಹೊಸದೇನಲ್ಲ. ಕೆರೆಗಳಲ್ಲಿ ಬಲೆಗೆ ಬೀಳುವ ಜಿಲೇಬಿ ಮೀನೂ ಆಫ್ರಿಕಾದಿಂದ ಬಂದ ಸಿಕ್ಲಿಡ್ಡೇ, ಅದರ ತಾಯಿಯೂ ಹೀಗೇ.

ಮೊಟ್ಟೆ ಹಿಡಿದ ಹೆಣ್ಣು ಗುರುತು ಸಿಗುವುದು ಗದ್ದದಿಂದ. ಬಾಯಿ ಪೂರ್ತಿ ಮುಚ್ಚುವುದಿಲ್ಲ, ಗದ್ದದ ಕೆಳಗೆ ಜೋಲಿಯಂತೆ ಇಳಿಬಿದ್ದಿರುತ್ತದೆ, ಎಲೆಅಡಿಕೆ ಹಾಕಿಕೊಂಡವರಂತೆ ಆಗಾಗ ಮೆಲುಕು ಹಾಕುತ್ತದೆ. ಆ ಮೆಲುಕಿನಲ್ಲೇ ಮೊಟ್ಟೆಗಳು ಉರುಳಿ ಅವಕ್ಕೆ ಹೊಸ ನೀರು ತಾಗುವುದು. ಊಟಕ್ಕೆ ಓಡಿ ಬಂದು, ತಿನ್ನದೆ ಹಿಂದೆ ಸರಿಯುತ್ತದೆ. ಅಂದಿನ ತಾರೀಖು ಬರೆದಿಟ್ಟುಕೊಳ್ಳಿ, ಮುಂದಿನ ಕೆಲಸವೆಲ್ಲ ಆ ಲೆಕ್ಕದ ಮೇಲೆ.

ಕೆಲಸ ಕೆಡುವುದು ಹೆಚ್ಚಾಗಿ ಮೊದಲ ವಾರದಲ್ಲಿ. ಗದ್ದ ಕಂಡ ಖುಷಿಗೆ ಅಂದೇ ಬಲೆ ಹಾಕಿದರೆ ಹೆಣ್ಣು ಮೊಟ್ಟೆ ಉಗುಳುತ್ತದೆ ಅಥವಾ ನುಂಗುತ್ತದೆ. ಮೊದಲ ಸಲದ ತಾಯಿಯಾದರೆ ಯಾರೂ ಮುಟ್ಟದಿದ್ದರೂ ಮೂರನೆಯದೋ ಐದನೆಯದೋ ದಿನ ನುಂಗಬಹುದು. ಬಿಡಿ, ತಿಂಗಳೊಪ್ಪತ್ತಿನಲ್ಲಿ ಮತ್ತೆ ಹಿಡಿಯುತ್ತದೆ. 26–27 ಡಿಗ್ರಿಯಲ್ಲಿ ಮೊಟ್ಟೆ ಸುಮಾರು ವಾರದೊಳಗೆ ಒಡೆಯುತ್ತದೆ, ಆದರೆ ಮರಿಗೆ ಹೊಟ್ಟೆಯಡಿ ಭಂಡಾರದ (ಮೊಟ್ಟೆಯ ಹಳದಿಯ) ಚೀಲ ಇನ್ನೂ ತೂಗುತ್ತಿರುತ್ತದೆ. ಅದು ಕರಗಲು ಮೊಟ್ಟೆ ಹಿಡಿದ ದಿನದಿಂದ 18ರಿಂದ 21 ದಿನ ಬೇಕು.

ಹಾಗಾಗಿ 16ನೇ ದಿನದವರೆಗೆ ಮುಟ್ಟಬೇಡಿ. ಆ ರಾತ್ರಿ ದೀಪ ಆರಿಸಿ ಒಂದು ಗಂಟೆ ಬಿಟ್ಟು, ಸಣ್ಣ ಟಾರ್ಚು ಹಿಡಿದು, ಎರಡು ಬಲೆಯಿಂದ ಹೆಣ್ಣನ್ನು ಮೂಲೆಗೆ ಒತ್ತಿ ನೀರಿನೊಳಗೇ ಒಂದು ಪ್ಲಾಸ್ಟಿಕ್ ಡಬ್ಬಿಗೆ ಇಳಿಸಿ. ಬಲೆಯಲ್ಲಿ ಮೇಲೆತ್ತಿದರೆ ಗಾಳಿ ತಾಗಿ ಉಗುಳುತ್ತದೆ. 40 ಲೀಟರಿನ ಇನ್ನೊಂದು ಟ್ಯಾಂಕಿಗೆ ದೊಡ್ಡ ಟ್ಯಾಂಕಿನದೇ ನೀರು ತುಂಬಿ, ಆ ಸ್ಪಂಜ್ ಫಿಲ್ಟರನ್ನು ಹಿಂಡದೆ ಹಾಗೇ ಇಟ್ಟು, ಅವಿತುಕೊಳ್ಳಲು ಒಂದು ಪಿವಿಸಿ ಪೈಪಿನ ತುಂಡು ಹಾಕಿ. ಹೆಣ್ಣು ತಾನಾಗಿ ಮರಿ ಬಿಡುವುದು 21ರಿಂದ 28 ದಿನಕ್ಕೆ. ಬಿಟ್ಟ ದಿನವೇ ತಾಯಿಯನ್ನು ಬೇರೆ ಮಾಡಿ, ವಾರ ಹತ್ತು ದಿನ ಚೆನ್ನಾಗಿ ತಿನ್ನಿಸಿದ ಮೇಲೆ ದೊಡ್ಡ ಟ್ಯಾಂಕಿಗೆ ಕಳಿಸಿ. ನೇರ ಕಳಿಸಿದರೆ ಸೊರಗಿದ ಅದನ್ನು ಗಂಡು ಅಟ್ಟಾಡಿಸುತ್ತದೆ.

ಬಾಯಿಂದ ಮರಿ ಬಿಡಿಸಲೇಬೇಕಾದರೆ 18ನೇ ದಿನದ ನಂತರ. ಕೈ ಒದ್ದೆ ಮಾಡಿಕೊಂಡು ಮೀನನ್ನು ತಲೆ ಕೆಳಗಾಗಿ ಟ್ಯಾಂಕಿನ ನೀರಿರುವ ಬಟ್ಟಲ ಮೇಲೆ ಹಿಡಿದು, ಪ್ಲಾಸ್ಟಿಕ್ ಕಾರ್ಡಿನ ಮೂಲೆಯಿಂದ ಕೆಳದುಟಿಯನ್ನು ನಯವಾಗಿ ತೆರೆದು ಬಾಯನ್ನು ನೀರಿಗೆ ಅದ್ದಿ ತೆಗೆಯಿರಿ. ನಾಲ್ಕೈದು ಸಲಕ್ಕೆ ಮರಿಗಳು ಹೊರಬರುತ್ತವೆ. ಮೊಟ್ಟೆಯಾಗಿಯೇ ಬಂದರೆ ಗಾಳಿಯ ಗುಳ್ಳೆಯಿಂದ ಮೆಲ್ಲಗೆ ಉರುಳಿಸುವ ಎಗ್ ಟಂಬ್ಲರ್ ಬೇಕು. ಗುಳ್ಳೆ ಜೋರಾದರೆ ಮೊಟ್ಟೆ ಸಾಯುತ್ತದೆ, ಉರುಳದೆ ಕೂತರೆ ಬೂಸು ಹಿಡಿಯುತ್ತದೆ. ಬೆಳ್ಳಗಾದ ಮೊಟ್ಟೆಯನ್ನು ಅಂದಂದೇ ಹೆಕ್ಕಿ ತೆಗೆಯಿರಿ.

ಮರಿ 1 ಸೆಂ.ಮೀ. ಹತ್ತಿರ ಇರುತ್ತವೆ, ಬಾಯೂ ದೊಡ್ಡದು. ಪುಡಿ ಮಾಡಿದ ಫ್ಲೇಕ್ ಮೊದಲ ದಿನದಿಂದಲೇ ತಿನ್ನುತ್ತವೆ. ಬೇಬಿ ಬ್ರೈನ್ ಶ್ರಿಂಪ್ (ಉಪ್ಪುನೀರಿನ ಪುಟ್ಟ ಸೀಗಡಿಯ ಮರಿ) ಕೊಟ್ಟರೆ ಬೆಳವಣಿಗೆ ಬೇರೆಯೇ. ಅದನ್ನು ಮರಿ ಮಾಡಿಸಲು ಲೀಟರ್ ನೀರಿಗೆ 25 ಗ್ರಾಂ ಅಯೋಡಿನ್ ಇಲ್ಲದ ಉಪ್ಪು, ಅರ್ಧ ಚಮಚ ಬ್ರೈನ್ ಶ್ರಿಂಪ್ ಮೊಟ್ಟೆ, ತಳದಿಂದ ಗಾಳಿ, 27 ಡಿಗ್ರಿ, ದೀಪ. 24 ಗಂಟೆಗೆ ಒಡೆಯುತ್ತವೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ಮೇಲೆ, ಕಿತ್ತಳೆ ಬಣ್ಣದ ಮರಿಗಳು ಕೆಳಗೆ. ಕೆಳಗಿನದನ್ನು ಸಣ್ಣ ಪೈಪಿನಿಂದ ಎಳೆದು, ಬಟ್ಟೆಯಲ್ಲಿ ಸೋಸಿ ತೊಳೆದು ಹಾಕಿ. ದಿನಕ್ಕೆ 3–4 ಸಲ ಕೊಡಿ, ದಿನ ಬಿಟ್ಟು ದಿನ ಶೇ. 20 ನೀರು ಬದಲಿಸಿ. ಮೂರು ತಿಂಗಳಿಗೆ ಸುಮಾರು 2.5 ಸೆಂ.ಮೀ.

ಫೋಟೊ

ನೀರು ಬದಲಿಸಿದ ಮಾರನೆಯ ದಿನ ತೆಗೆಯಿರಿ. ಅಂದೇ ಆದರೆ ಗಾಜಿಗೆ ಗುಳ್ಳೆ ಕೂತಿರುತ್ತದೆ. ಒಳಗಿನ ಪಾಚಿ ಉಜ್ಜಿ, ಹೊರಗಿನ ಸುಣ್ಣದ ಕಲೆಯನ್ನು ಬಟ್ಟೆಗೆ ವಿನೆಗರ್ ಹಚ್ಚಿ ಒರೆಸಿ. ಗಡಸು ನೀರಿನ ಬೆಲೆ ಇದು. ಮೇಲಿನ ಮುಚ್ಚಳದ ಗಾಜನ್ನು ಮರೆಯಬೇಡಿ, ಬೆಳಕು ಬರುವುದೇ ಅಲ್ಲಿಂದ. ಹತ್ತು ನಿಮಿಷ ಮೊದಲು ಫಿಲ್ಟರ್ ನಿಲ್ಲಿಸಿದರೆ ತೇಲುವ ಕಸ ತಳ ಸೇರುತ್ತದೆ. ಮುಗಿದ ಮೇಲೆ ಫಿಲ್ಟರ್ ಮತ್ತೆ ಹಚ್ಚಲು ಮರೆಯಬೇಡಿ.

ಕ್ಯಾಮೆರಾದ ಮೇಲಿನ ಫ್ಲಾಶ್ ಹಾರಿಸಿದರೆ ಗಾಜಿನಲ್ಲಿ ಬಿಳಿ ಗೋಳ ಮಾತ್ರ ಸಿಗುತ್ತದೆ. ಫ್ಲಾಶನ್ನು ಬಿಡಿಸಿ, ವೈರ್‌ಲೆಸ್ ಟ್ರಿಗರ್ ಹಾಕಿ, ಜಿಪ್ ಕವರಿನಲ್ಲಿಟ್ಟು, ಮುಚ್ಚಳದ ಗಾಜಿನ ಮೇಲೆ ಕೆಳಮುಖವಾಗಿ ಮಲಗಿಸಿ. ಗಾಜಿಗೂ ಫ್ಲಾಶಿಗೂ ನಡುವೆ ಟ್ರೇಸಿಂಗ್ ಪೇಪರ್ ಹಾಸಿದರೆ ಹುರುಪೆಗಳು ಮಿಂಚುವುದಿಲ್ಲ. ಕೋಣೆಯ ದೀಪ ಆರಿಸಿ. 60 ಅಥವಾ 100 ಮಿ.ಮೀ. ಮ್ಯಾಕ್ರೋ ಲೆನ್ಸ್, ಶಟರ್ 1/200, ಎಫ್ 11, ಐಎಸ್‌ಒ 200ರಿಂದ ಶುರು ಮಾಡಿ. ಲೆನ್ಸು ಗಾಜಿಗೆ ನೇರ ಎದುರಾಗಿರಲಿ. ಓರೆಯಾದರೆ ಗಾಜು, ನೀರು ಸೇರಿ ಬೆಳಕನ್ನು ಬಾಗಿಸಿ ಅಂಚುಗಳಿಗೆ ಬಣ್ಣದ ಗೆರೆ ಕಟ್ಟುತ್ತವೆ, ಚಿತ್ರ ಮಸುಕಾಗುತ್ತದೆ. ಫೋಕಸ್ ಕಣ್ಣಿನ ಮೇಲೆ.

ಈ ಮೀನಿನ ದೊಡ್ಡ ಕಾಟ ಅದರ ಹಳದಿಯೇ. ಕ್ಯಾಮೆರಾದ ಕೆಂಪು, ಹಸಿರು ಚಾನೆಲ್‌ಗಳು ಬೇಗ ತುಂಬಿಹೋಗಿ ಮೈಯ ಹುರುಪೆ ಕಾಣದೆ ಹಳದಿ ಕಾಗದ ಕತ್ತರಿಸಿ ಅಂಟಿಸಿದಂತಾಗುತ್ತದೆ. ಮಾಮೂಲಿ ಹಿಸ್ಟೊಗ್ರಾಮಿನಲ್ಲಿ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಇದು ಗೊತ್ತಾಗದು, ಮೂರು ಬಣ್ಣದ ಹಿಸ್ಟೊಗ್ರಾಮ್ ನೋಡಿ ಕೆಂಪು ಬಲತುದಿಗೆ ಬಡಿಯದಂತೆ ಬೆಳಕು ಇಳಿಸಿ. ರಾ ಫೈಲ್‌ನಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ತೆಗೆದರೆ ಕಪ್ಪು ಗೆರೆಯ ವಿವರವನ್ನು ಆಮೇಲೆ ಎತ್ತಬಹುದು, ಸುಟ್ಟ ಹಳದಿ ವಾಪಸು ಬಾರದು. ಹಿನ್ನೆಲೆಗೆ ಕಪ್ಪು ಚಾರ್ಟ್ ಪೇಪರ್ ಟ್ಯಾಂಕಿನ ಹಿಂದೆ ಅಂಟಿಸಿ. ಬಿಳಿ ಮರಳಿನ ಮೇಲೆ ಮೀನು ಬಣ್ಣ ಇಳಿಸಿಕೊಳ್ಳುತ್ತದೆ. ತೀರ ಕಪ್ಪು ತಳವಾದರೆ ಹೊಟ್ಟೆಯ ಭಾಗಕ್ಕೆ ಬೆಳಕೇ ಸಿಗದು. ಮಾಸಲು ಬಣ್ಣದ ಹೊಳೆ ಮರಳು ಎರಡಕ್ಕೂ ಹೊಂದುತ್ತದೆ.

ಮೊಬೈಲಿನಲ್ಲಾದರೆ ಫ್ಲಾಶ್ ಬೇಡ, ಟ್ಯಾಂಕಿನ ಎಲ್‌ಇಡಿಯೇ ಬೆಳಕು. ಪ್ರೋ ಮೋಡಿನಲ್ಲಿ ಶಟರ್ 1/200 ಇಟ್ಟಾಗ ಅಡ್ಡ ಪಟ್ಟೆಗಳು ಬಂದರೆ ದೀಪ ಮಿನುಗುತ್ತಿದೆ ಎಂದರ್ಥ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ದೀಪ ಸೆಕೆಂಡಿಗೆ 100 ಸಲ ಮಿನುಗಬಹುದು. 1/100ಕ್ಕೆ ಇಳಿಸಿದರೆ ಪಟ್ಟೆ ಹೋಗುತ್ತದೆ, ಆದರೆ ಮೀನು ನಿಂತ ಗಳಿಗೆಗೆ ಕಾಯಬೇಕು. ಡಿಮ್ಮರ್ ಇದ್ದರೆ ಪೂರ್ತಿ ಏರಿಸಿ ನೋಡಿ.

ಮುಂದೆ ಕೂತು ಇಪ್ಪತ್ತು ನಿಮಿಷ ಸುಮ್ಮನಿರಿ. ಊಟದ ಆಸೆಗೆ ಗಾಜಿಗೆ ಮೂತಿ ಹಚ್ಚಿ ಬರುವ ಮೀನು ಆಮೇಲೆ ನಿಮ್ಮನ್ನು ಮರೆತು ತನ್ನ ಕೆಲಸಕ್ಕೆ ಹೋಗುತ್ತದೆ. ಎರಡು ಗಂಡು ಅಕ್ಕಪಕ್ಕ ನಿಂತು ಈಜುರೆಕ್ಕೆಗಳನ್ನೆಲ್ಲ ಬಿಚ್ಚಿ ಮೈ ಬಿಗಿಯುವ ಎರಡು ಸೆಕೆಂಡೇ ಒಳ್ಳೆಯ ಚಿತ್ರ. ಮೊಟ್ಟೆ ಹಿಡಿದ ಹೆಣ್ಣನ್ನು ದಿನಕ್ಕೊಂದು ಸಲ ಪಕ್ಕದಿಂದ ತೆಗೆದಿಟ್ಟರೆ ಗದ್ದದ ಚಿತ್ರಗಳನ್ನು ಸಾಲಾಗಿಟ್ಟು ನುಂಗಿತೋ ಇಲ್ಲವೋ ಹೇಳಬಹುದು. ಕ್ಯಾಮೆರಾವನ್ನು ಮರಳಿನ ಮಟ್ಟಕ್ಕೆ ಇಳಿಸಿ ತುಸು ಎದುರಿನಿಂದ ತೆಗೆಯಿರಿ. ಹದಿನೈದು ದಿನ ದಾಟಿದ್ದರೆ, ಅದು ಮೆಲುಕಿಗೆಂದು ಬಾಯಿ ತೆರೆದಾಗ ಒಳಗಿನಿಂದ ಪುಟ್ಟ ಕಪ್ಪು ಕಣ್ಣುಗಳು ನೋಡುತ್ತಿರುತ್ತವೆ.