ಹ್ಯಾಂಗ್ ಆಗುವ ಕಂಪ್ಯೂಟರ್: ಫಾರ್ಮ್ಯಾಟ್ ಹೊಡೆಸುವ ಮುನ್ನ ಕೆಟ್ಟ ಭಾಗ ಹಿಡಿಯುವ ಬಗೆ

ಡೆಸ್ಕ್‌ಟಾಪ್ ಕಂಪ್ಯೂಟರ್ ಹ್ಯಾಂಗ್ ಆಗುತ್ತದೆ ಎಂದು ಅಂಗಡಿಗೆ ಹೊತ್ತುಕೊಂಡು ಹೋದರೆ ಸಾಮಾನ್ಯವಾಗಿ ಮೊದಲು ನಡೆಯುವುದು ಫಾರ್ಮ್ಯಾಟ್. ಎರಡು ದಿನ ಸುಮ್ಮನಿದ್ದು ಮತ್ತೆ ನಿಂತರೆ ‘ಬೋರ್ಡ್ ಹೋಗಿದೆ’, ಅಂದರೆ ಮದರ್‌ಬೋರ್ಡ್ ಕೆಟ್ಟಿದೆ, ಎಂಬ ತೀರ್ಪು. ಬಿಡಿಭಾಗ ನಾವೇ ತರೋಣವೆಂದರೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರರಿಂದಲೂ ಬೆಂಗಳೂರಿನ ಎಸ್.ಪಿ. ರಸ್ತೆ ಅರವತ್ತು–ಎಪ್ಪತ್ತು ಕಿಲೋಮೀಟರ್. ಒಮ್ಮೆ ಹೋಗಿ ರ‍್ಯಾಮ್ ತಂದು, ಅದಲ್ಲವೆಂದು ಮತ್ತೆ ಹೋಗಿ, ಒಳಗಿನ ಭಾಗಗಳಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ತರುವುದು ದಂಡದ ಕೆಲಸ. ಕೆಟ್ಟದ್ದು ಯಾವುದೆಂದು ಮನೆಯಲ್ಲೇ ಹಿಡಿದು, ಆಮೇಲೆ ದುಡ್ಡು ಬಿಚ್ಚಿ.

ಬೇಕಾಗುವುದು ಇಷ್ಟೇ: ಸ್ಟಾರ್ ಸ್ಕ್ರೂಡ್ರೈವರ್, ಒಣ ಪೇಂಟ್ ಬ್ರಷ್, 16 ಜಿಬಿ ಪೆನ್‌ಡ್ರೈವ್, ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಒಂದು ಹೊಸ ಸಾಟಾ ಕೇಬಲ್. ಫೋಟೊ, ಕಾಗದಪತ್ರಗಳನ್ನು ಮೊದಲು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಮುಂದಿನ ಪರೀಕ್ಷೆಗಳಲ್ಲಿ ಕೆಲವು, ಸಾಯುತ್ತಿರುವ ಡಿಸ್ಕನ್ನು ಪೂರ್ತಿ ಸಾಯಿಸಬಲ್ಲವು.

ಯಾವ ಥರ ನಿಲ್ಲುತ್ತದೆ?

‘ಹ್ಯಾಂಗ್’ ಎಂಬ ಒಂದೇ ದೂರಿನೊಳಗೆ ನಾಲ್ಕು ಬೇರೆ ಬೇರೆ ಕಾಯಿಲೆಗಳಿರುತ್ತವೆ. ಅರ್ಧ ಉತ್ತರ ಇಲ್ಲೇ ಸಿಗುವುದರಿಂದ ಅವಸರ ಬೇಡ.

ಪರದೆ ನಿಂತ ತಕ್ಷಣ ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ದೀಪ ಹತ್ತಿ ಆರುತ್ತಿದ್ದರೆ ಒಳಗೆ ವಿಂಡೋಸ್ ಇನ್ನೂ ಬದುಕಿದೆ. ಅನುಮಾನ ಗ್ರಾಫಿಕ್ಸ್ ಅಥವಾ ಡಿಸ್ಕ್ ಕಡೆಗೆ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಪರದೆ ಒಮ್ಮೆ ಮಿಟುಕಿ ಸರಿಹೋದರೆ ತಂಟೆ ಗ್ರಾಫಿಕ್ಸ್ ಡ್ರೈವರಿನದು ಅಥವಾ ಕಾರ್ಡಿನದು. ದೀಪವೂ ಅಲುಗದೆ, ಸ್ಪೀಕರಿನಲ್ಲಿ ಒಂದೇ ಸದ್ದು ಗರ್ರೆಂದು ತಿರುಗುತ್ತಿದ್ದರೆ ರ‍್ಯಾಮ್, ಪ್ರೊಸೆಸರ್, ಬೋರ್ಡ್ ಅಥವಾ ವಿದ್ಯುತ್ತು. ಮೌಸ್ ಓಡಾಡುತ್ತಿದ್ದೂ ಏನನ್ನು ಒತ್ತಿದರೂ ನಿಮಿಷಗಟ್ಟಲೆ ತೆರೆಯದೆ, ಡಿಸ್ಕ್ ದೀಪ ಬಿಡದೆ ಉರಿಯುತ್ತಿದ್ದರೆ ಬಹುಪಾಲು ಡಿಸ್ಕೇ. ನಿಲ್ಲದೆ ದಿಢೀರನೆ ಆಫ್ ಆದರೆ ಶಾಖ ಅಥವಾ ಎಸ್‌ಎಂಪಿಎಸ್.

ಹೊತ್ತನ್ನೂ ಬರೆದಿಡಿ. ಆನ್ ಮಾಡಿ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ನಿಲ್ಲುತ್ತದೆಯೇ, ಮಕ್ಕಳು ಗೇಮ್ ಆಡುವಾಗ ಮಾತ್ರವೇ, ಪಂಪ್‌ಸೆಟ್ಟಿಗೆ ತ್ರೀಫೇಸ್ ಕೊಡುವ ಹೊತ್ತಿನಲ್ಲೇ, ಕರೆಂಟು ಹೋಗಿ ಇನ್ವರ್ಟರಿಗೆ ಬದಲಾದಾಗಲೇ? ನಾಲ್ಕೈದು ಸಲದ ಟಿಪ್ಪಣಿ ಕೈಲಿದ್ದರೆ ಊಹೆಯ ಕೆಲಸ ಕಡಿಮೆ.

ಸ್ಟಾರ್ಟ್ ಮೆನುವಿನಿಂದ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್‌ನೊಳಗಿನ ಸಿಸ್ಟಮ್ ಪಟ್ಟಿಯಲ್ಲಿ ಹ್ಯಾಂಗ್ ಆದ ಸಮಯ ನೋಡಿ. ಕರ್ನಲ್-ಪವರ್ 41 ಕಂಡು ಎಸ್‌ಎಂಪಿಎಸ್ ಕೊಳ್ಳುವವರಿದ್ದಾರೆ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂಬುದಷ್ಟೇ ಅದರ ಅರ್ಥ. ನೀವೇ ಬಟನ್ ಒತ್ತಿ ಹಿಡಿದು ಆರಿಸಿದರೂ ಅದೇ ಸಂಖ್ಯೆ ಬರುತ್ತದೆ. ಬೆಲೆಯಿರುವುದು ಅದಕ್ಕೂ ಹಿಂದಿನ ಸಾಲುಗಳಿಗೆ. ಡಿಸ್ಕ್ ಹೆಸರಿನಲ್ಲಿ 7 ಅಥವಾ 153, ಸ್ಟೋರೇಜ್ ಡ್ರೈವರಿನ ಹೆಸರಿನಲ್ಲಿ 129 ಇದ್ದರೆ ಡಿಸ್ಕ್ ಅಥವಾ ಅದರ ಕೇಬಲ್. ಡಿಸ್‌ಪ್ಲೇ 4101 ಇದ್ದರೆ ಗ್ರಾಫಿಕ್ಸ್. ವೀಯಾ-ಲಾಗರ್ (WHEA-Logger) ಎಂಬ ಹೆಸರಿದ್ದರೆ ಪ್ರೊಸೆಸರ್ ಅಥವಾ ಬೋರ್ಡ್ ತಾನೇ ಹಾರ್ಡ್‌ವೇರ್ ದೋಷ ವರದಿ ಮಾಡಿದೆ ಎಂದರ್ಥ.

ಇನ್ನೊಂದು ಜರಡಿ. ಪೆನ್‌ಡ್ರೈವಿನಲ್ಲಿ ಉಬುಂಟು ಹಾಕಿ, ಇನ್‌ಸ್ಟಾಲ್ ಮಾಡದೆ ‘ಟ್ರೈ’ ಆಯ್ದುಕೊಂಡು, ಹ್ಯಾಂಗ್ ಆಗುವಷ್ಟು ಹೊತ್ತು ಅದರಲ್ಲೇ ವಿಡಿಯೊ ನೋಡಿ. ಅಲ್ಲಿಯೂ ನಿಂತರೆ ವಿಂಡೋಸ್ ನಿರಪರಾಧಿ, ಫಾರ್ಮ್ಯಾಟ್ ವ್ಯರ್ಥ. ವಿಂಡೋಸಿಗೂ ಮೊದಲು ತೆರೆಯಬಹುದಾದ, ಬೋರ್ಡಿನದೇ ಸೆಟ್ಟಿಂಗುಗಳಿರುವ ಬಯೋಸ್ ಪರದೆಯಲ್ಲಿ ಅರ್ಧ ಗಂಟೆ ಸುಮ್ಮನೆ ಬಿಟ್ಟಾಗಲೂ ನಿಂತರೆ ವಿಂಡೋಸಿನ ಜೊತೆಗೆ ಡಿಸ್ಕ್ ಕೂಡ ಬಹುಮಟ್ಟಿಗೆ ಪಾರು.

ದೂಳು, ಶಾಖ

ಕ್ರಷರ್‌ಗಳಿರುವ ಚಿಕ್ಕಬಳ್ಳಾಪುರದ ಕಡೆ, ಕೆಜಿಎಫ್‌ನ ಸೈನೈಡ್ ದಿಬ್ಬಗಳ ಆಸುಪಾಸು, ಬೇಸಿಗೆಯ ಪಾವಗಡದಲ್ಲಿ ಮೊದಲು ಇದನ್ನೇ ನೋಡಿ. ಎಚ್‌ಡಬ್ಲ್ಯೂಇನ್ಫೋ ಹಾಕಿ ಪ್ರೊಸೆಸರಿನ ಶಾಖ ಗಮನಿಸಿ. ಸುಮ್ಮನಿದ್ದಾಗ 35ರಿಂದ 50 ಡಿಗ್ರಿ ಸಹಜ. ಇಂಟೆಲ್‌ನ ಬಹಳಷ್ಟು ಡೆಸ್ಕ್‌ಟಾಪ್ ಪ್ರೊಸೆಸರುಗಳ ಮಿತಿ 100 ಡಿಗ್ರಿ, ಎಎಂಡಿ ರೈಜನ್‌ಗಳದು ಹೆಚ್ಚಾಗಿ 90–95. ಮಿತಿ ಮುಟ್ಟಿದಾಗ ಪ್ರೊಸೆಸರ್ ಮೊದಲು ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ಹೊರಗಿನಿಂದ ನೋಡುವವರಿಗೆ ಇದೂ ಹ್ಯಾಂಗ್ ಆದಂತೆಯೇ. ಅದನ್ನೂ ಮೀರಿದರೆ ಆಫ್.

ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಆಮೇಲೆ ಮುಚ್ಚಳ ತೆಗೆಯಿರಿ. ದೂಳು ಬ್ರಷ್ಷಿನಿಂದ ಹೋಗುತ್ತದೆ. ಬ್ಲೋವರ್ ಬಳಸುವುದಾದರೆ ಫ್ಯಾನನ್ನು ಬೆರಳಿನಿಂದ ತಡೆದು ಹಿಡಿಯಿರಿ. ಗಾಳಿಗೆ ಹುಚ್ಚುವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಬೇಡವೇ ಬೇಡ, ಅದರಲ್ಲಿ ನೀರಿನ ಹನಿ ಬರುತ್ತದೆ. ಇಂಟೆಲ್ ಡಬ್ಬಿಯ ಜೊತೆ ಬರುವ ಫ್ಯಾನಿನ ನಾಲ್ಕು ಪ್ಲಾಸ್ಟಿಕ್ ಗೂಟಗಳಲ್ಲಿ ಒಂದು ಮೇಲೆದ್ದಿರುವುದು ತೀರಾ ಸಾಮಾನ್ಯ; ಅಲುಗಿಸಿ ನೋಡಿ. ಕೂಲರ್ ಬಿಚ್ಚಿದಿರೋ, ಪ್ರೊಸೆಸರಿನ ಮೇಲಿನ ಹಳೆಯ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ತೊಗರಿಕಾಳಿನಷ್ಟು ಹೊಸದನ್ನು ನಡುವಿಗಿಟ್ಟು ಒತ್ತಿ ಕೂರಿಸಿ.

ರ‍್ಯಾಮ್

ರ‍್ಯಾಮ್ ಬಿಚ್ಚಿ, ಚಿನ್ನದ ಬಣ್ಣದ ಅಂಚನ್ನು ಮೆತ್ತನೆಯ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಪೂರ್ತಿ ಕೊಡವಿ, ಟಿಕ್ ಎನ್ನುವವರೆಗೆ ಒತ್ತಿ ಕೂರಿಸಿ. ಎಷ್ಟೋ ಕೇಸು ಇಲ್ಲಿಗೇ ಮುಗಿಯುತ್ತವೆ. ಮುಗಿಯದಿದ್ದರೆ ಪೆನ್‌ಡ್ರೈವಿನಲ್ಲಿ ಮೆಮ್‌ಟೆಸ್ಟ್86 ಹಾಕಿ ರಾತ್ರಿಯಿಡೀ ಬಿಡಿ. ನಾಲ್ಕು ಪಾಸ್‌ಗಳಲ್ಲಿ (ಪೂರ್ತಿ ಸುತ್ತುಗಳಲ್ಲಿ) ಒಂದೇ ಒಂದು ಕೆಂಪು ಎರರ್ ಬಂದರೂ ಅದು ಫೇಲ್. ‘ಒಂದೇ ತಾನೆ’ ಎಂದು ಬಿಡುವಂತಿಲ್ಲ. ಎರರ್ ಬಂದರೆ ಬಯೋಸಿನಲ್ಲಿ, ಮೆಮೊರಿಯನ್ನು ಹೆಚ್ಚು ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆಫ್ ಮಾಡಿ ಇನ್ನೊಮ್ಮೆ ಓಡಿಸಿ. ಆಗಲೂ ಬಂದರೆ ಒಂದೊಂದೇ ಸ್ಟಿಕ್ಕನ್ನು ಒಂದೇ ಸ್ಲಾಟಿನಲ್ಲಿಟ್ಟು ಪರೀಕ್ಷಿಸಿ. ಎಲ್ಲ ಸ್ಟಿಕ್ಕುಗಳೂ ಅಲ್ಲಿಯೇ ಫೇಲ್ ಆಗಿ, ಬೇರೆ ಸ್ಲಾಟಿನಲ್ಲಿ ಪಾಸ್ ಆದರೆ ಕೆಟ್ಟಿರುವುದು ಸ್ಲಾಟ್.

ಡಿಸ್ಕ್

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು 05, ಸಿ5, ಸಿ6, ಸಿ7 ಸಾಲುಗಳ ಕಚ್ಚಾ (ರಾ ವ್ಯಾಲ್ಯೂ) ಸಂಖ್ಯೆ ಓದಿ. 05, ಸಿ5 ಅಥವಾ ಸಿ6, ಅಂದರೆ ಕೆಟ್ಟ ಜಾಗಗಳ ಲೆಕ್ಕ, ಸೊನ್ನೆಯಾಗಿರದೆ ದಿನದಿನಕ್ಕೆ ಏರುತ್ತಿದ್ದರೆ ಹಾರ್ಡ್ ಡಿಸ್ಕ್ ಹೊರಡಲು ನಿಂತಿದೆ. ಕಾಪಿ ಮುಗಿಯುವ ತನಕ, ಡಿಸ್ಕಿನ ದೋಷ ಹುಡುಕುವ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಬೇಡಿ. ಸಿ7 ಮಾತ್ರ ಏರುತ್ತಿದ್ದರೆ ಸಂತೋಷಪಡಿ: ಅದು ಡಿಸ್ಕಿಗೂ ಬೋರ್ಡಿಗೂ ನಡುವಿನ ಸಂಪರ್ಕದ ದೋಷ, ಹೆಚ್ಚಾಗಿ ಸಾಟಾ ಕೇಬಲ್ಲಿನದು. ಕೇಬಲ್ ಬದಲಿಸಿದ ಮೇಲೆ ಆ ಸಂಖ್ಯೆ ಇಳಿಯುವುದಿಲ್ಲ, ಏರದಿದ್ದರೆ ಸಾಕು.

ಕರೆಂಟು, ಅರ್ಥಿಂಗ್, ಎಸ್‌ಎಂಪಿಎಸ್

ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆಯೇ? ಹಾಗಿದ್ದರೆ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳಿಂದ ಬರುವ ಅಲ್ಪ ವಿದ್ಯುತ್ತು ಭೂಮಿಗಿಳಿಯಲು ದಾರಿ ಸಿಗದೆ ಕ್ಯಾಬಿನೆಟ್ಟಿನಲ್ಲೇ ಉಳಿದಿರುತ್ತದೆ. ಕೋಲಾರದಂಥ ಒಣನೆಲದಲ್ಲಿ ಮಾರ್ಚಿನಿಂದ ಮೇ ತಿಂಗಳವರೆಗೆ ಅರ್ಥ್ ಗುಂಡಿಯ ಮಣ್ಣು ಒಣಗಿ, ಮಳೆಗಾಲದಲ್ಲಿ ಸರಿಯಿದ್ದ ಅರ್ಥಿಂಗ್ ಕೈಕೊಡುತ್ತದೆ. ಗುಂಡಿಗೆ ಆಗಾಗ ನೀರು ಹಾಕಬೇಕು. ಇದ್ದಿಲು, ಉಪ್ಪು ತುಂಬಿ ಬಹಳ ವರ್ಷವಾಗಿದ್ದರೆ ಹೊಸದಾಗಿ ತುಂಬಿಸಬೇಕು. ಬರೀ ಇದರಿಂದ ಹ್ಯಾಂಗ್ ಆಗುವುದು ಅಪರೂಪ. ಆದರೆ ಯುಎಸ್‌ಬಿ ಸಾಧನಗಳು ಪದೇ ಪದೇ ಸಂಪರ್ಕ ಕಳೆದುಕೊಳ್ಳುವುದಕ್ಕೆ, ಪೋರ್ಟ್ ಸುಡುವುದಕ್ಕೆ ಇದು ಕಾರಣವಾಗಬಲ್ಲದು.

ಸಾಕೆಟ್ಟಿನಲ್ಲಿ ಮೂರು ಅಳತೆ ಬೇಕು, ಮೀಟರ್ ಎಸಿ 600 ಅಥವಾ 750 ವೋಲ್ಟ್ ರೇಂಜಿನಲ್ಲಿ. ಫೇಸ್–ನ್ಯೂಟ್ರಲ್ 230ರ ಆಸುಪಾಸು, ಫೇಸ್–ಅರ್ಥ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ಥ್ ಎರಡು ಮೂರು ವೋಲ್ಟಿನೊಳಗೆ ಇರಬೇಕು. ಅಭ್ಯಾಸವಿಲ್ಲದವರು ಇದನ್ನು ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ.

ಕರೆಂಟು ಹೋದಾಗ ಮಾತ್ರ ರೀಸ್ಟಾರ್ಟ್ ಆಗುತ್ತಿದ್ದರೆ ಇನ್ವರ್ಟರಿನ ಹಿಂದಿನ ಸ್ವಿಚ್ ನೋಡಿ. ಇಕೊ ಅಥವಾ ನಾರ್ಮಲ್ ಇದ್ದರೆ ಯುಪಿಎಸ್ ಕಡೆಗೆ ಹಾಕಿ. ಎಸ್‌ಎಂಪಿಎಸ್ ತನ್ನ ಕೆಪಾಸಿಟರುಗಳ ಬಲದಿಂದ ತಡೆದುಕೊಳ್ಳುವುದು 16–17 ಮಿಲಿಸೆಕೆಂಡಿನಷ್ಟು ಮಾತ್ರ, ಇಕೊ ಮೋಡಿನಲ್ಲಿ ಇನ್ವರ್ಟರ್ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಎಸ್‌ಎಂಪಿಎಸ್ ಅಳೆಯಲು ಮೀಟರ್ ಡಿಸಿ 20ಕ್ಕೆ ಇಡಿ. ಬಳಸದೆ ಉಳಿದ ನಾಲ್ಕು ಪಿನ್ನಿನ ದೊಡ್ಡ ಮೊಲೆಕ್ಸ್ ತುದಿಯಲ್ಲಿ ಕಪ್ಪು ವೈರಿಗೆ ಕಪ್ಪು ಕಡ್ಡಿ, ಹಳದಿಗೆ ಕೆಂಪು ಕಡ್ಡಿ. 11.40ರಿಂದ 12.60ರೊಳಗೆ ಬರಬೇಕು. ಕೆಂಪು ವೈರಿನಲ್ಲಿ 4.75ರಿಂದ 5.25. ಸುಮ್ಮನಿದ್ದಾಗ ಅಲ್ಲ, ಗೇಮ್ ಓಡುತ್ತಿರುವಾಗ ಅಳೆಯಿರಿ. ಅಂಕಿ ಮಿತಿ ದಾಟಿದರೆ ಎಸ್‌ಎಂಪಿಎಸ್ ಕೆಟ್ಟಿರುವುದು ಖಚಿತ. ಮಿತಿಯೊಳಗಿದ್ದರೆ ಮಾತ್ರ ಒಳ್ಳೆಯದೆಂದು ಹೇಳಲಾಗದು. ಕ್ಷಣಮಾತ್ರದ ಕುಸಿತ ಈ ಮೀಟರಿಗೆ ಕಾಣದು. ಪರಿಚಯದವರ ಒಳ್ಳೆಯ ಎಸ್‌ಎಂಪಿಎಸ್ ಎರವಲು ತಂದು ಎರಡು ದಿನ ಓಡಿಸುವುದೇ ನಂಬಬಹುದಾದ ಪರೀಕ್ಷೆ. ಯಾವುದೇ ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಬೇಡಿ: ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್ ಪ್ರಾಣ ತೆಗೆಯಬಲ್ಲದು.

ಉಳಿದದ್ದು

ಗ್ರಾಫಿಕ್ಸ್ ಕಾರ್ಡ್ ಇದ್ದರೆ ಬಿಚ್ಚಿ, ಬೋರ್ಡಿನ ಪೋರ್ಟಿಗೇ ಮಾನಿಟರ್ ಸಿಕ್ಕಿಸಿ ಓಡಿಸಿ. ಹೆಸರಿನ ಕೊನೆಗೆ ಎಫ್ ಇರುವ ಇಂಟೆಲ್ ಪ್ರೊಸೆಸರಿನಲ್ಲಿ ಇದು ಆಗದು, ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಬೋರ್ಡಿನ ಮೇಲೆ ತಲೆ ಉಬ್ಬಿದ ಕೆಪಾಸಿಟರ್ ಕಂಡರೆ ಬೋರ್ಡಿನ ಮೇಲೆ ಅನುಮಾನ ಪಡಲು ಅದೊಂದೇ ಸಾಕು. ಏನೂ ಕಾಣದೆ, ಮೇಲಿನದೆಲ್ಲ ಪಾಸಾಗಿ, ಆದರೂ ನಿಲ್ಲುತ್ತಿದ್ದರೆ ಉಳಿಯುವುದು ಬೋರ್ಡ್, ಅಪರೂಪಕ್ಕೆ ಪ್ರೊಸೆಸರ್. ಇವೆರಡನ್ನು ಬೇರ್ಪಡಿಸಲು ಇನ್ನೊಂದು ಬೋರ್ಡೇ ಬೇಕಾಗುವುದರಿಂದ ಇಲ್ಲಿಂದಾಚೆ ಅಂಗಡಿ. ಒಯ್ಯುವಾಗ ಹಾರ್ಡ್ ಡಿಸ್ಕ್ ಬಿಚ್ಚಿ ಮನೆಯಲ್ಲಿಡಿ. ಬೋರ್ಡ್ ಪರೀಕ್ಷೆಗೆ ಅದು ಬೇಕಿಲ್ಲ. ಮಾಡಿದ ಪರೀಕ್ಷೆಗಳನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿಗೆ ಅಂಟಿಸಿ ಕೊಡಿ.