ರೊಟ್ಟಿ ಬಡಿದ ಕೈಗೆ ಪೌಡರ್ ಪಫ್

ಪಾರ್ಲರ್ ಶುರು ಮಾಡಿದ ವರ್ಷ ಬೆಳಗಾವಿಯ ಖಡೇಬಜಾರಿಗೆ ಹೋಗಿ 24 ಬ್ರಷ್‌ಗಳ ಸೆಟ್ ತಂದಿದ್ದೆ. ಕರಿ ರೆಕ್ಸಿನ್ ಸುರುಳಿ. ಬಿಚ್ಚಿದರೆ ಅರ್ಧ ಮೇಜು ತುಂಬುತ್ತಿತ್ತು. ಗಿರಾಕಿ ಎದುರಿಗೆ ಅದನ್ನು ಬಿಚ್ಚುವಾಗಿನ ನನ್ನ ಗತ್ತು ನೋಡಬೇಕಿತ್ತು! ಅದರಲ್ಲಿ ಒಂಬತ್ತು ಬ್ರಷ್ ಯಾತಕ್ಕೆಂದು ನನಗೇ ಗೊತ್ತಿರಲಿಲ್ಲ. ಬೀಸಣಿಗೆಯಂಥದ್ದೊಂದಿತ್ತು, ಕೇಳಿದವರಿಗೆಲ್ಲ ಒಂದೊಂದು ಉಪಯೋಗ ಹೇಳುತ್ತಿದ್ದೆ. ಎರಡು ತಿಂಗಳಿಗೆ ಕೂದಲು ಉದುರತೊಡಗಿತು. ಮದುಮಗಳ ಕೆನ್ನೆಯ ಹಸಿ ಫೌಂಡೇಶನ್ ಮೇಲೆ ಬಿದ್ದ ಒಂದೇ ಒಂದು ಕರಿ ಕೂದಲನ್ನು ತೆಗೆಯಲು ಹೋಗಿ ಅಷ್ಟಗಲ ಮೇಕಪ್ ಕೆಡಿಸಿಕೊಂಡಿದ್ದೇನೆ. ಈಗ ಮದುವೆ ಮನೆಗೆ ನಾನು ಒಯ್ಯುವುದು ಐದು ಬ್ರಷ್, ಆರು ಪಫ್, ಎರಡು ಸ್ಪಂಜು. ಕಡಿಮೆಯಾಯಿತು ಅಂತ ಇವತ್ತಿನವರೆಗೆ ಅನಿಸಿಲ್ಲ.

ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ಆಲಮಟ್ಟಿಯ ಹಿನ್ನೀರಿಗೆ ಹಳೆ ಊರಿನ ಓಣಿಗಳು ಹೋದ ಮೇಲೆ ಎದ್ದ ಊರಿದು. ನಮ್ಮ ಸೀಜನ್ ಏಪ್ರಿಲ್, ಮೇ. ಹೊರಗೆ 40 ಡಿಗ್ರಿ ದಾಟಿರುತ್ತದೆ, ಒಳಗೆ ಹೋಮದ ಹೊಗೆ, ಮೇಲೆ ವಿಡಿಯೋದವರ ಲೈಟು, ಅಕ್ಕಿಕಾಳಿಗೆ ಮುನ್ನೂರು ಜನ. ಇಂಥಲ್ಲಿ ಮುಖದ ಬಣ್ಣ ನಿಲ್ಲುವುದೂ ಬಿಡುವುದೂ ಪೌಡರಿನ ಕೈಯಲ್ಲಿದೆ. ಫೌಂಡೇಶನ್ ಎಷ್ಟು ದುಬಾರಿಯದಾದರೂ ಅದರ ಮೇಲೆ ಪೌಡರ್ ಸರಿಯಾಗಿ ಕೂಡದಿದ್ದರೆ ಊಟದ ಪಂಕ್ತಿ ಏಳುವಷ್ಟರಲ್ಲಿ ಮೂಗಿನ ತುದಿ ಬೆತ್ತಲೆ.

ಆದರೆ ನನ್ನ ಮೊದಲ ಏಟು ಬಿದ್ದದ್ದು ಪೌಡರ್ ಕಡಿಮೆಯಾಗಿ ಅಲ್ಲ, ಹೆಚ್ಚಾಗಿ. ಗುಳೇದಗುಡ್ಡದ ಮದುವೆ. ಹುಡುಗಿಯದು ಗೋಧಿಗಿಂತ ಒಂದು ಪಟ್ಟು ಕಂದು ಮೈಬಣ್ಣ. ಕ್ಯಾಮೆರಾದಲ್ಲಿ ಮುಖ ನುಣುಪಾಗಿ ಕಾಣಲೆಂದು ಆಗ ಹೊಸದಾಗಿ ಬಂದಿದ್ದ ಎಚ್‌ಡಿ ಪೌಡರನ್ನು ದೊಡ್ಡ ಬ್ರಷ್‌ನಲ್ಲಿ ಧಾರಾಳವಾಗಿ ಬೀಸಿದ್ದೆ. ಕನ್ನಡಿಯಲ್ಲಿ ಚಂದ ಕಾಣುತ್ತಿತ್ತು. ಮೂರು ದಿನದ ಮೇಲೆ ಫೋಟೋ ಬಂದವು. ಕಣ್ಣ ಕೆಳಗೆ, ಮೂಗಿನ ಮೇಲೆ, ಗದ್ದಕ್ಕೆ ಬೆಳ್ಳಗೆ ಬಳಿದ ಹಾಗೆ ತೇಪೆ. ಹುಡುಗಿಯ ಅತ್ತಿ ಫೋನ್ ಮಾಡಿ ಒಂದೇ ಮಾತು ಅಂದರು: “ಏನವಾ, ನಮ್ಮ ಹುಡುಗೀಗೆ ಪೌಡರ್ ಹಚ್ಚೀಯೋ, ಇಭೂತಿ ಬಡದೀಯೋ?”

ಕಾರಣ ಆಮೇಲೆ ತಿಳಿಯಿತು. ಬಣ್ಣವಿಲ್ಲದ್ದೆಂದು ಮಾರುವ ಎಚ್‌ಡಿ ಪೌಡರ್ ಬಹುಪಾಲು ಸಿಲಿಕಾ. ಕೆಲವು ಪೌಡರಿನಲ್ಲಿ ಟೈಟಾನಿಯಂ ಡೈಆಕ್ಸೈಡ್, ಜಿಂಕ್ ಆಕ್ಸೈಡ್ ಕೂಡ ಇರುತ್ತವೆ. ಮನೆಯ ಬೆಳಕಿನಲ್ಲಿ ಇವು ಕಣ್ಣಿಗೆ ಬೀಳುವುದಿಲ್ಲ. ಎದುರಿನಿಂದ ಫ್ಲ್ಯಾಶ್ ಹೊಡೆದಾಗ ಬೆಳಕನ್ನು ಬಂದ ದಾರಿಗೇ ವಾಪಸು ಕಳಿಸುತ್ತವೆ, ಕ್ಯಾಮೆರಾ ಅದನ್ನು ಬಿಳಿ ಎಂದು ಹಿಡಿಯುತ್ತದೆ. ಅಂದಿನಿಂದ ಮದುಮಗಳು ಕುರ್ಚಿಯಿಂದ ಏಳುವ ಮುಂಚೆ ಕೋಣೆಯ ದೀಪ ಆರಿಸಿ, ಫೋನಿನ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆಯುತ್ತೇನೆ. ಬಿಳಿ ಕಂಡರೆ ಒಣ ಬ್ರಷ್‌ನಿಂದ ಅಲ್ಲೇ ಇಳಿಸುತ್ತೇನೆ. ನಮ್ಮ ಕಡೆಯ ಮೈಬಣ್ಣಕ್ಕೆ ತುಸು ಹಳದಿ ಅಥವಾ ಕಂದು ಇರುವ ಪೌಡರೇ ಒಪ್ಪುತ್ತದೆ. ಅಚ್ಚ ಬಿಳಿ ಪುಡಿ ಕಂದು ಮುಖದ ಮೇಲೆ ಬೂದಿಯಾಗುತ್ತದೆ.

ಆ ಫೋನ್ ಬಂದ ವಾರ ತವರಿಗೆ ಹೋಗಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹುಟ್ಟಿದಾಗಿನಿಂದ ನೋಡಿದ್ದೇ, ಆದರೆ ಅವತ್ತು ತಲೆಯ ತುಂಬ ಪೌಡರ್ ಇತ್ತಲ್ಲ, ಕಣ್ಣು ಅಲ್ಲೇ ನೆಟ್ಟಿತು. ಕೆಳಗೆ ಒಣ ಹಿಟ್ಟು ಉದುರಿಸಿದಳು. ಹೆಚ್ಚು ಬಿದ್ದದ್ದನ್ನು ಅಂಗೈಯಿಂದ ಬದಿಗೆ ಸರಿಸಿದಳು. ಮುದ್ದೆ ಇಟ್ಟು ಬಡಿದಳು. ಎಲ್ಲಿಯೂ ಉಜ್ಜಲಿಲ್ಲ, ಅಂಗೈ ಏಳುತ್ತದೆ, ಕೂಡುತ್ತದೆ, ರೊಟ್ಟಿ ತಾನೇ ತಿರುಗುತ್ತದೆ. ಹಂಚಿಗೆ ಹಾಕಿದ ಮೇಲೆ ಮೇಲ್ಮೈ ಬೆಳ್ಳಗೆ ಹಿಟ್ಟು ಹಿಟ್ಟಾಗಿತ್ತು. ಅರಿವೆಯನ್ನು ನೀರಿನಲ್ಲಿ ಅದ್ದಿ ಒಂದು ಸಲ ಮೇಲೆ ಎಳೆದಳು. ಹಿಟ್ಟಿನ ಬಿಳುಪು ಹೋಗಿ ರೊಟ್ಟಿಯ ಸ್ವಂತ ಬಣ್ಣ ಬಂತು.

ನಾನು ಈಗ ಮಾಡುವುದು ಇಷ್ಟೇ. ಲೂಸ್ ಪೌಡರನ್ನು ಡಬ್ಬಿಯ ಮುಚ್ಚಳಕ್ಕೆ ಚೂರು ಉದುರಿಸುತ್ತೇನೆ. ವೆಲ್ವೆಟ್‌ನಂಥ ಮೈಯ ಪಫ್ ಅದರಲ್ಲಿ ಒತ್ತಿ, ಪಫನ್ನು ಅರ್ಧಕ್ಕೆ ಮಡಿಚಿ, ಎರಡೂ ಮಗ್ಗುಲು ಒಂದಕ್ಕೊಂದು ತಿಕ್ಕುತ್ತೇನೆ. ಪುಡಿ ಪಫ್‌ನ ರೋಮದ ಒಳಗೆ ಇಳಿಯಬೇಕು, ಮೇಲೆ ನಿಂತಿರಬಾರದು. ನನ್ನ ಮುಂಗೈ ಮೇಲೆ ಎರಡು ಸಲ ಬಡಿದು ನೋಡಿದಾಗ ಬಿಳಿ ಗುರುತು ಬಿದ್ದರೆ ಇನ್ನೂ ಹೆಚ್ಚಿದೆ ಎಂದರ್ಥ. ಆಮೇಲೆ ಹಣೆಯ ನಡುವೆ ಇಟ್ಟು ಒತ್ತಿ, ಅಲ್ಲೇ ಸ್ವಲ್ಪ ಹೊರಳಿಸಿ, ಎತ್ತುವುದು. ಎಳೆಯುವುದಿಲ್ಲ. ಎಳೆದರೆ ಕೆಳಗಿನ ಫೌಂಡೇಶನ್ ಜೊತೆಗೇ ಎದ್ದು ಬರುತ್ತದೆ. ಹಣೆ, ಮೂಗಿನ ಎರಡು ಬದಿ, ಮೇಲ್ದುಟಿಯ ಮೇಲೆ, ಗದ್ದ: ಎಣ್ಣೆ ಮೊದಲು ಇಣುಕುವುದು ಇಲ್ಲೇ, ಹೀಗಾಗಿ ಪೌಡರೂ ಮೊದಲು ಇಲ್ಲಿಗೇ. ಕೆನ್ನೆಗೆ ಪಫ್‌ನಲ್ಲಿ ಉಳಿದದ್ದು ಸಾಕು. ಮೂಗಿನ ಮಡಿಕೆಗೆ ಪಫನ್ನು ಮೂಲೆ ಮಾಡಿ ಹಿಡಿಯುತ್ತೇನೆ, ಅಲ್ಲಿಗೆ ಯಾವ ಬ್ರಷ್ಷೂ ಇಷ್ಟು ಚಂದ ತಲುಪಿಲ್ಲ. ಕೊನೆಗೆ ದೊಡ್ಡ ಮೆತ್ತನೆ ಬ್ರಷ್‌ನಿಂದ ಮೇಲಿನಿಂದ ಕೆಳಗೆ ಒಮ್ಮೆ ಝಾಡಿಸುತ್ತೇನೆ. ಮುಖದ ನವಿರು ರೋಮ ಕೆಳಮುಖವಾಗಿರುತ್ತವೆ, ಮೇಲಕ್ಕೆ ಝಾಡಿಸಿದರೆ ಒಂದೊಂದು ರೋಮವೂ ಪುಡಿ ಹಿಡಿದು ನಿಲ್ಲುತ್ತದೆ. ಆ ದೊಡ್ಡ ಬ್ರಷ್‌ಗೆ ನನ್ನಲ್ಲಿ ಇದೊಂದೇ ಕೆಲಸ. ಆಮೇಲೆ ಒಂದು ಮೊಳ ದೂರದಿಂದ ಸೆಟಿಂಗ್ ಸ್ಪ್ರೇ, ಅಂದರೆ ಮೇಕಪ್ ಕೂಡಿಸುವ ಸಣ್ಣ ತುಂತುರು. ಅವ್ವನ ಒದ್ದೆ ಅರಿವೆ ಅದೇ.

ಒತ್ತುವುದನ್ನು ನಾನು ಕಂಡುಹಿಡಿದದ್ದೇನಲ್ಲ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಸಾಲಾಗಿ ಡೇರೆ ಹಾಕುತ್ತವಲ್ಲ, ಸೋದರಮಾವನ ಗುರುತಿನ ಮೇಲೆ ಒಂದು ಕಂಪನಿಯ ಬಣ್ಣದ ಕೋಣೆಯಲ್ಲಿ ಒಂದು ರಾತ್ರಿ ಕೂತಿದ್ದೆ. ಅಲ್ಲಿಯ ಹಿರಿಯ ನಟರೊಬ್ಬರು ಬಣ್ಣದ ಮೇಲೆ ಪೌಡರನ್ನು ಕೈವಸ್ತ್ರದಷ್ಟು ಅಗಲದ ಪಫ್‌ನಿಂದ ಒತ್ತಿ, ಮುಖ ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ ಮಾಡಿಕೊಂಡು, ಸುಮ್ಮನೆ ಬೀಡಿ ಸೇದುತ್ತ ಕೂತರು. ಐದು ನಿಮಿಷ ಬಿಟ್ಟು ಮೆತ್ತನೆ ಬ್ರಷ್‌ನಿಂದ ಹೆಚ್ಚಿನದೆಲ್ಲ ಝಾಡಿಸಿದರು. ಬೆಳತನಕ ಕುಣಿದು ಬೆವೆತರೂ ಬಣ್ಣ ಜರುಗಲಿಲ್ಲ. ಈಗ ಫೋನಿನ ವಿಡಿಯೋಗಳಲ್ಲಿ ಇದನ್ನು ಬೇಕಿಂಗ್ ಅಂತಾರೆ. ಮದುಮಗಳಿಗೆ ನಾನು ಇಡೀ ಮುಖಕ್ಕೆ ಮಾಡುವುದಿಲ್ಲ. ರಂಗದಿಂದ ಹತ್ತು ಗಜ ದೂರ ಕೂತವರಿಗೆ ಅದು ಸರಿ, ಮಗ್ಗುಲಿಗೆ ಕೂತ ನೆಗೆಣ್ಣಿಗೆ ಪದರ ಪದರ ಕಾಣುತ್ತದೆ. ಎಣ್ಣೆ ಚರ್ಮದವರಿಗೆ ಗದ್ದ, ಮೂಗಿನ ಬದಿಗೆ ಮಾತ್ರ.

ಕಣ್ಣ ಕೆಳಗಿನದು ಬೇರೆ ಲೆಕ್ಕ. ಮದುಮಗಳು ಎರಡು ರಾತ್ರಿ ಮಲಗಿರುವುದಿಲ್ಲ, ಅಲ್ಲಿಯ ಚರ್ಮ ತೆಳು, ಗೆರೆ ಗೆರೆ. ಕಪ್ಪು ಮುಚ್ಚಲು ಹಚ್ಚಿದ ಕನ್ಸೀಲರ್ ಆ ಗೆರೆಗಳಲ್ಲಿ ಕೂತುಬಿಟ್ಟಿರುತ್ತದೆ. ಅದರ ಮೇಲೇ ಪೌಡರ್ ಹಾಕಿದರೆ ಗೆರೆ ಗಟ್ಟಿಯಾಯಿತು. “ಮ್ಯಾಲೆ ನೋಡವಾ” ಅಂತ ಹೇಳಿ, ಉಂಗುರ ಬೆರಳಿನಿಂದ ಗೆರೆ ಬಿಡಿಸಿದ ಆ ಕ್ಷಣಕ್ಕೇ ಸಣ್ಣ ಗುಂಡು ಬ್ರಷ್‌ನಿಂದ ಒಂದು ಚಿಟಿಕೆಯಷ್ಟೂ ಅಲ್ಲದ ಪೌಡರ್ ಮುಟ್ಟಿಸುತ್ತೇನೆ. ಸ್ಪಂಜು ಒದ್ದೆಯಿದ್ದರೆ ಪೌಡರಿನ ಹತ್ತಿರ ತರುವುದಿಲ್ಲ. ಒದ್ದೆ ಸ್ಪಂಜು ಫೌಂಡೇಶನ್‌ಗೆ, ಒಣದು ಪೌಡರ್‌ಗೆ, ಅದಕ್ಕೇ ಎರಡು.

ಉಳಿದ ಬ್ರಷ್‌ಗಳ ಮಾತು. ಮೇಕೆ ಕೂದಲಿನ ಬ್ರಷ್ ಪುಡಿಯನ್ನು ಚೆನ್ನಾಗಿ ಹಿಡಿಯುತ್ತದೆ, ಯಾಕೆಂದರೆ ಕೂದಲಿನ ಮೈ ನುಣುಪಲ್ಲ, ಸಣ್ಣ ಸಣ್ಣ ಪೊರೆಗಳಿರುತ್ತವೆ. ಸಿಂಥೆಟಿಕ್ ಎಳೆ ನುಣುಪು, ಕ್ರೀಮ್ ಕುಡಿಯುವುದಿಲ್ಲ, ತೊಳೆಯಲು ಸಸಾರ. ಮಾಂಸಾಹಾರ ಮುಟ್ಟದ ಮನೆಗಳಲ್ಲಿ “ಇದು ಯಾತರ ಕೂದಲಾ?” ಅಂತ ಅಜ್ಜಿಯರು ಕೇಳಿದ್ದುಂಟು. ಹೀಗಾಗಿ ನಾನು ಕೆನ್ನೆಗೆ ರಂಗು ಕೊಡುವ ಬ್ಲಶ್‌ಗೂ ಈಗ ಸಿಂಥೆಟಿಕ್ ಬಳಸುತ್ತೇನೆ. ತುದಿ ಸವರಿದ ಹೊಸ ಎಳೆಗಳು ಪುಡಿಯನ್ನೂ ಹಿಡಿಯುತ್ತವೆ. ದಟ್ಟ ಬ್ರಷ್ ಬಣ್ಣವನ್ನು ಒಂದೆಡೆ ಇಳಿಸುತ್ತದೆ, ವಿರಳ ಬ್ರಷ್ ಚದುರಿಸುತ್ತದೆ. ಬ್ಲಶ್‌ಗೆ ವಿರಳವೇ ಬೇಕು. ಹಿಡಿಕೆಯನ್ನು ಪೆನ್ನಿನಂತೆ ಬುಡಕ್ಕೆ ಹಿಡಿದರೆ ಕೈ ಭಾರ ಬೀಳುತ್ತದೆ, ತುದಿಗೆ ಹಿಡಿದರೆ ಬ್ರಷ್‌ನ ತೂಕವಷ್ಟೇ. ಮೊದಲ ಸ್ಪರ್ಶದಲ್ಲೇ ಹೆಚ್ಚು ಬಣ್ಣ ಬೀಳುವುದರಿಂದ ಕಿವಿಯ ಕಡೆಯಿಂದ ಶುರು ಮಾಡಿ ಕೆನ್ನೆಯ ಒಳಗೆ ಬರುತ್ತೇನೆ, ಮೂಗಿನಿಂದ ಎರಡು ಬೆರಳು ದೂರಕ್ಕೆ ನಿಲ್ಲುತ್ತೇನೆ. ಇಳಕಲ್ ಸೀರೆಯ ಕೆಂಪು ಸೆರಗು ಹೊದ್ದ ಹುಡುಗಿಗೆ ತಿಳಿ ಗುಲಾಬಿ ಬ್ಲಶ್ ಹಾಕಿದರೆ ಹಾಕಿದ್ದೇ ಗೊತ್ತಾಗುವುದಿಲ್ಲ. ಇಟ್ಟಿಗೆ ಬಣ್ಣ ಹಚ್ಚಿ ನೋಡಿ. ಬ್ರಷ್‌ನ ಹೆಚ್ಚಿನ ಪುಡಿ ಹೋಗಲು ಹಿಡಿಕೆಯನ್ನು ಮಣಿಕಟ್ಟಿಗೆ ತಟ್ಟಬೇಕು. ಬಾಯಿಂದ ಉಫ್ ಅಂತ ಊದುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಎಂಜಲು ಹಾರುತ್ತದ್ರೀ!

ಐಶ್ಯಾಡೋ ಮೊದಲು, ಮುಖದ ಪೌಡರ್ ಆಮೇಲೆ. ಕಣ್ಣಿನ ಕಡು ಬಣ್ಣ ಕೆನ್ನೆಗೆ ಉದುರಿಯೇ ಉದುರುತ್ತದೆ. ಸೀರೆಯ ಮೇಲೆ ಟವೆಲ್ ಹೊದಿಸಿರಬೇಕು. ಗುಳೇದಗುಡ್ಡದ ಖಣದ ಕುಪ್ಪಸಕ್ಕೆ ಬಿದ್ದರೆ ಕೈಯಿಂದ ಒರೆಸಬಾರದು, ನೇಯ್ಗೆಯ ಒಳಗೆ ಕೂಡುತ್ತದೆ. ಒಣ ಬ್ರಷ್‌ನಿಂದ ಎತ್ತಬೇಕು.

ನಮ್ಮಲ್ಲಿಯ ಇನ್ನೊಂದು ತೊಂದರೆ ಅರಿಷಿಣ. ಹಿಂದಿನ ದಿನ ಬಂದವರೆಲ್ಲ ಹಚ್ಚಿ, ಸುರಗಿ ನೀರು ಹಾಕಿಸಿಕೊಂಡ ಮುಖ ಮರುದಿನ ಒಣಗಿ ಬಿರುಸಾಗಿರುತ್ತದೆ. ಕೂದಲಿನ ಅಂಚಿನಲ್ಲಿ, ಕಿವಿಯ ಹಿಂದೆ ಹಳದಿ ಉಳಿದಿರುತ್ತದೆ. ಒಣ ಜಾಗಕ್ಕೆ ಪೌಡರ್ ತೇಪೆಯಾಗಿ ಅಂಟುತ್ತದೆ. ಮೊದಲು ಕ್ರೀಮ್ ಹಚ್ಚಿ ಹತ್ತು ನಿಮಿಷ ಸುಮ್ಮನೆ ಬಿಡುತ್ತೇನೆ, ಅಷ್ಟರಲ್ಲಿ ಕೂದಲಿನ ಕೆಲಸ. ಹೋಳಿಯ ಮರುವಾರ ಮದುವೆಯಿದ್ದರಂತೂ ಕೇಳಲೇಬೇಡಿ. ಬ್ಯಾರೆಲ್ ತುಂಬಿದ ಬಣ್ಣದ ಬಂಡಿಗಳು ದಿನಗಟ್ಟಲೆ ಓಡಾಡುವ ಊರು ನಮ್ಮದು, ಮದುಮಗಳ ಬೈತಲೆಯಲ್ಲಿ ಗುಲಾಬಿ ಗೆರೆ ಇದ್ದೇ ಇರುತ್ತದೆ.

ಬೆವರಿದ ಮುಖಕ್ಕೆ ನೇರ ಪೌಡರ್ ಹಚ್ಚುವುದು ಎಲ್ಲರೂ ಮಾಡುವ ತಪ್ಪು. ಹಿಟ್ಟಿಗೆ ನೀರು ಬಿದ್ದರೆ ಏನಾಗುತ್ತದೋ ಅದೇ ಆಗುತ್ತದೆ. ಮೊದಲು ಟಿಶ್ಯೂ ಒತ್ತಿ ಬೆವರು ತೆಗೆದು ಆಮೇಲೆ ಪಫ್. ಶ್ರಾವಣದಲ್ಲಿ ಬೆಳಗಾವಿಗೆ ನಿಶ್ಚಿತಾರ್ಥಕ್ಕೆ ಹೋದಾಗ ಬೇರೆಯದೇ ಪಾಠ. ಬಿಡದ ಮಳೆ, ಗಾಳಿಯೇ ಒದ್ದೆ. ತೊಳೆದ ಪಫ್ ಎರಡು ದಿನವಾದರೂ ಒಣಗಲಿಲ್ಲ, ಅರ್ಧ ಹಸಿ ಪಫ್‌ನಲ್ಲಿ ಪೌಡರ್ ಗಂಟು ಗಂಟು. ಅಲ್ಲಿಗೆ ಹೋಗುವಾಗ ಈಗ ಒಣಗಿದ ಪಫ್‌ಗಳನ್ನು ಜಿಪ್ ಚೀಲದಲ್ಲಿ ಒಯ್ಯುತ್ತೇನೆ.

ಕಾಂಪ್ಯಾಕ್ಟಿನ, ಅಂದರೆ ಒತ್ತಿ ಬಿಲ್ಲೆ ಮಾಡಿದ ಪೌಡರಿನ, ಮೇಲ್ಮೈ ಹೊಳಪಾಗಿ ಗಟ್ಟಿಯಾಗಿ ಪುಡಿ ಏಳದಿದ್ದರೆ ಅದು ಕೆಟ್ಟಿತೆಂದು ಎಸೆಯುತ್ತಿದ್ದೆ. ಮುಖದ ಎಣ್ಣೆ ಪಫ್ ಮೂಲಕ ಬಂದು ಪೊರೆ ಕಟ್ಟಿರುತ್ತದೆ ಅಷ್ಟೇ. ಸೆಲೋಟೇಪ್ ಅಂಟಿಸಿ ಕಿತ್ತರೆ ಪೊರೆ ಬರುತ್ತದೆ, ಕೆಳಗಿನದು ಹೊಸದರಂತೆ. ಜಮಖಂಡಿಯ ಬಸ್ಸಿನಲ್ಲಿ ಒಡೆದು ಚೂರಾದ ಒಂದನ್ನು ಪೂರ್ತಿ ಪುಡಿ ಮಾಡಿ, ಮೆಡಿಕಲ್ ಶಾಪಿನ ಐಸೊಪ್ರೊಪೈಲ್ ಆಲ್ಕೊಹಾಲ್ ಕೆಲವು ಹನಿ ಹಾಕಿ ಕಲಸಿ, ಬಟ್ಟೆಯಿಟ್ಟು ಒತ್ತಿ, ರಾತ್ರಿಯಿಡೀ ತೆರೆದಿಟ್ಟೆ. ಅಂಚು ಸೊಟ್ಟ, ಕೆಲಸ ನೆಟ್ಟಗೆ. ಅದನ್ನು ನನಗೇ ಇಟ್ಟುಕೊಂಡೆ.

ತೊಳೆಯುವುದು: ಬ್ರಷ್‌ನ ಮೂತಿ ಕೆಳಗೆ ಮಾಡಿ, ಉಗುರುಬೆಚ್ಚಗಿನ ನೀರು, ಮಕ್ಕಳ ಶಾಂಪೂ. ನೀರು ತಗಡಿನ ಕೊಳವೆಯೊಳಗೆ ಇಳಿದರೆ ಅಂಟು ಸಡಿಲಾಗಿ ಕೂದಲು ಉದುರುತ್ತದೆ. ನನ್ನ 24ರ ಸೆಟ್ ಸತ್ತದ್ದು ಹೀಗೇ, ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ ಒಣಗಿಸುತ್ತಿದ್ದೆ. ಮೇಜಿನ ಅಂಚಿಗೆ ಮೂತಿ ಹೊರಚಾಚಿ ಮಲಗಿಸಬೇಕು. ನಮ್ಮ ಬೋರಿನ ಸವಳು ನೀರಿಗೆ ಕೂದಲು ಕಡ್ಡಿಯಾಗುತ್ತದೆ, ಕೊನೆಯ ಸಲ ಫಿಲ್ಟರ್ ನೀರು. ಪಫ್ ಒಬ್ಬರಿಗೆ ಒಂದು. ಮದುಮಗಳಿಗೆ ಬಳಸಿದ್ದನ್ನು ಅವಳ ತಂಗಿಗೂ ಮುಟ್ಟಿಸುವುದಿಲ್ಲ.

ಹೊರಡುವಾಗ ಮದುಮಗಳ ಜೊತೆಗಿರುವ ಯಾರಾದರೊಬ್ಬರಿಗೆ ಒಂದು ಪಫ್, ನಾಲ್ಕು ಟಿಶ್ಯೂ ಕೊಟ್ಟು ಹೇಳಿ ಬರುತ್ತೇನೆ: ಕಣ್ಣೀರು ಬಂದರೆ ಟಿಶ್ಯೂ ಒತ್ರಿ, ಆಮೇಲೆ ಪಫ್ ಒತ್ರಿ, ಒರಸಬ್ಯಾಡ್ರಿ. ಕಳೆದ ಮೇ ತಿಂಗಳು ಮುಧೋಳದ ಒಂದು ಮದುವೆಯಲ್ಲಿ ಹೀಗೇ ಹುಡುಗಿಯ ವೈನಿಯ ಕೈಗೆ ಕೊಟ್ಟು ಬಂದಿದ್ದೆ. ಸಂಜೆ ಮದುಮಗಳದೇ ಫೋನು. ಮುಖ ಹೇಗಿದೆ ಎಂದು ಕೇಳಿದೆ.

“ನಂದು ಹಂಗs ಐತ್ರಿ ಅಕ್ಕಾ. ಆದ್ರ ನಿಮ್ಮ ಪಫ್ ನಮ್ಮ ಕಾಕು ಕೈಗೆ ಹೋಗೇತಿ. ಓಣ್ಯಾಗಿನ ಮಂದಿಗೆಲ್ಲಾ ಒತ್ತಲಿಕ್ಕೆ ಹತ್ಯಾಳು.”