ನಾಯಿಗೆ ಸಾರನ್ನ ಹಾಕುವ ಮುಂಚೆ

ನಾಯಿಗೆ ಏನು ಕೊಡಬಾರದು ಎಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಚಾಕೊಲೇಟು. ಅದು ಸರಿಯೇ. ಆದರೆ ಮುಂಬೈಯ ಮುಲುಂಡಿನಲ್ಲಿ ಹೋಟೆಲು ನಡೆಸುವ ನಾನು ಕಂಡಂತೆ, ನಮ್ಮ ಗಲ್ಲಿಯ ನಾಯಿಗಳಿಗೆ ಚಾಕೊಲೇಟು ಸಿಗುವುದು ಅಪರೂಪ. ಸಿಗುವುದು ಸಾಂಬಾರು, ಈರುಳ್ಳಿ ಉತ್ತಪ್ಪದ ತುಂಡು, ಪಾವ್‌ಭಾಜಿಯ ತಳ, ಒಣದ್ರಾಕ್ಷಿ ಹಾಕಿದ ಶಿರಾ. ಪ್ರೀತಿಯಿಂದಲೇ ಹಾಕುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹತ್ತಿರದ ಒಂದು ಹಾಲ್‌ನಲ್ಲಿ ಮದುವೆ ಮುಗಿದ ಮೇಲೆ ಹಿಂದುಗಡೆ ಗ್ರೇವಿ, ಪಲಾವು ರಾಶಿ ಬಿದ್ದಿತ್ತು. ನಾಲ್ಕೈದು ದಿನ ಕಳೆದು ನಮ್ಮ ಗಲ್ಲಿಯ ನಾಯಿ ಕರಿಯ ಏಳಲಾರದೆ ಮೆಟ್ಟಿಲ ಕೆಳಗೆ ಮಲಗಿಬಿಟ್ಟ. ಮೂತ್ರ ಡಿಕಾಕ್ಷನ್‌ನಂತೆ ಕಂದು. ಡಾಕ್ಟರು ಅವನ ತುಟಿ ಮೇಲೆತ್ತಿ ನನಗೆ ಒಸಡು ತೋರಿಸಿದರು: ಗುಲಾಬಿ ಇರಬೇಕಾದದ್ದು ಪೂರ್ತಿ ಬಿಳಿಚಿಕೊಂಡಿತ್ತು. ರಕ್ತ ಪರೀಕ್ಷೆ ಮಾಡಿ, ಈರುಳ್ಳಿಯ ಕೆಲಸ ಎಂದರು. ಕರಿಯ ಉಳಿದುಕೊಂಡ.

ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ತಿಂದ ದಿನ ಹೆಚ್ಚಾಗಿ ಏನೂ ಕಾಣುವುದಿಲ್ಲ, ನಾಯಿ ಸೋಲುವುದು ಕೆಲವು ದಿನ ಬಿಟ್ಟು. ಹಾಗಾಗಿ ಯಾರೂ ಊಟಕ್ಕೂ ಕಾಯಿಲೆಗೂ ಸಂಬಂಧ ಕಟ್ಟುವುದಿಲ್ಲ. ದೇಹತೂಕದ ಒಂದು ಕಿಲೋಗೆ 15ರಿಂದ 30 ಗ್ರಾಂ ಈರುಳ್ಳಿ ಸಾಕು. 15 ಕಿಲೋ ತೂಗುವ ನಾಯಿಗೆ 225 ಗ್ರಾಂ, ಅಂದರೆ ಎರಡು ಮೂರು ಗಡ್ಡೆ. ಬೇಯಿಸಿದರೂ ಹುರಿದರೂ ಆ ಗುಣ ಹೋಗುವುದಿಲ್ಲ. ಗ್ರೇವಿಯಲ್ಲಂತೂ ಕಿಲೋಗಟ್ಟಲೆ ಈರುಳ್ಳಿ ಬಾಡಿ ಕರಗಿರುತ್ತದೆ, ತುಂಡು ಕಣ್ಣಿಗೇ ಬೀಳದು. ಬೆಳ್ಳುಳ್ಳಿ ಇನ್ನೂ ತೀಕ್ಷ್ಣ.

ಮಾಡಿದ ಮೇಲೆ ಆರಿಸಿ ತೆಗೆಯಲು ಆಗುವುದಿಲ್ಲ ಎಂದಾಗ, ಮಾಡುವ ಮುಂಚೆಯೇ ತೆಗೆದಿಡುವುದೊಂದೇ ದಾರಿ. ಭಟಾರಖಾನೆಯಲ್ಲಿ, ಅಂದರೆ ಹೋಟೆಲಿನ ಅಡಿಗೆಮನೆಯಲ್ಲಿ, ಭಟ್ಟರಿಗೆ ಹೇಳಿದಾಗ, "ನಾಯಿಗೂ ಬೇರೆ ಅಡಿಗೆಯಾ ಶೆಟ್ರೆ?" ಎಂದರು. "ಅಡಿಗೆ ಬೇಡ ಭಟ್ರೆ, ಒಗ್ಗರಣೆಗೆ ಮುಂಚೆ ನಾಲ್ಕು ಸೌಟು ಬೇಳೆ ತೆಗೆದಿಡಿ, ಅನ್ನ ನಾನು ನೋಡ್ತೇನೆ" ಎಂದೆ. ಈಗ ಬೇಳೆ ಬೆಂದ ಕೂಡಲೇ, ಉಪ್ಪು ಹುಳಿ ಏನೂ ಬೀಳುವ ಮುಂಚೆ, ಹಿಡಿಗೆ ಕೆಂಪು ದಾರ ಕಟ್ಟಿದ ಸ್ಟೀಲ್ ಡಬ್ಬಕ್ಕೆ ಒಂದು ಪಾಲು ಹೋಗುತ್ತದೆ. ರಾತ್ರಿ ಅದಕ್ಕೆ ಅನ್ನ, ಬೆಂದ ಕುಂಬಳಕಾಯಿ ಅಥವಾ ಗಜ್ಜರಿ ಸೇರಿಸುತ್ತೇವೆ. ನಮ್ಮದು ಸಸ್ಯಾಹಾರಿ ಹೋಟೆಲು, ಮೊಟ್ಟೆ ಒಳಗೆ ಬರುವಂತಿಲ್ಲ. ಮೂಲೆಯ ಬುರ್ಜಿ ಗಾಡಿಯವನು ಬೇಯಿಸಿ ಸುಲಿದು ಕೊಡುತ್ತಾನೆ, ಹೊರಗೇ ಕಲಸುತ್ತೇವೆ. ಎಂಜಲು ಬಕೆಟ್ಟಿನದು ಒಂದು ತುತ್ತೂ ನಾಯಿಗೆ ಹೋಗಕೂಡದು ಎಂದು ಹುಡುಗರಿಗೆ ಕಟ್ಟುನಿಟ್ಟಾಗಿ ಹೇಳಿದ್ದೇನೆ.

ನಮ್ಮವರಿಗೆ ಹೇಳಲೇಬೇಕಾದದ್ದು ಹುಣಸೆಹಣ್ಣಿನ ವಿಷಯ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತವೆ ಎನ್ನುವುದು ಬಹಳ ಹಿಂದಿನಿಂದ ಗೊತ್ತಿತ್ತು, ಯಾಕೆ ಎನ್ನುವುದು ಗೊತ್ತಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕು ಎಂದರು. ಆ ಆಮ್ಲ ಧಾರಾಳವಾಗಿರುವ ಇನ್ನೊಂದು ಪದಾರ್ಥ ನಮ್ಮ ಹುಣಸೆ. ಹುಣಸೆಹಣ್ಣು ತಿಂದು ಮೂತ್ರಪಿಂಡ ಕೆಟ್ಟ ನಾಯಿಗಳ ಪ್ರಕರಣಗಳೂ ಆಮೇಲೆ ವರದಿಯಾದವು. ಜ್ವರ ಬಂದವರಿಗೆ ಸಾರನ್ನ, ಮಗುವಿಗೆ ಸಾರನ್ನ, ನಾಯಿಗೂ ಅದೇ ಎಂದು ಬೆಳೆದವರು ನಾವು. ಇದು ತಿಳಿದ ಮೇಲೆ ನಾನು ಸಾರು, ಸಾಂಬಾರು, ಪುಳಿಯೋಗರೆ ಯಾವುದನ್ನೂ ನಾಯಿಗೆ ಹಾಕುವುದಿಲ್ಲ. ಮೊಸರನ್ನಕ್ಕೆ ನಾವು ದ್ರಾಕ್ಷಿ ಹಾಕುತ್ತೇವೆ, ಅದೂ ಇಲ್ಲ. ಇಷ್ಟು ದ್ರಾಕ್ಷಿಯವರೆಗೆ ಅಪಾಯವಿಲ್ಲ ಎಂಬ ಲೆಕ್ಕವೇ ಇಲ್ಲ. ಒಂದು ನಾಯಿ ತಿಂದು ಆರಾಮಾಗಿದ್ದರೆ ಇನ್ನೊಂದು ಸ್ವಲ್ಪಕ್ಕೇ ಹಾಸಿಗೆ ಹಿಡಿಯುತ್ತದೆ. ಸತ್ಯನಾರಾಯಣ ಪೂಜೆ, ಗಣಪತಿ ಹಬ್ಬದ ದಿನಗಳಲ್ಲಿ ಸೊಸೈಟಿಯ ಅಕ್ಕಂದಿರು ಪ್ರಸಾದ ಹಿಡಿದು ಕೆಳಗೆ ಬಂದರೆ, "ಅಕ್ಕ, ಶಿರಾ ನನಗೆ ಕೊಡಿ, ನಾಯಿಗೆ ಬೇಡ" ಎಂದು ಕೈಯೊಡ್ಡುತ್ತೇನೆ.

ಕಾಫಿ ಗಸಟನ್ನು ಹುಡುಗರು ಮೊದಲು ತೆರೆದ ಬಕೆಟ್ಟಿಗೆ ಸುರಿಯುತ್ತಿದ್ದರು. ಅದರಲ್ಲಿ ಉಳಿದಿರುವ ಕೆಫೀನೂ ಚಾಕೊಲೇಟಿನ ಥಿಯೋಬ್ರೋಮಿನೂ ಒಂದೇ ಬಳಗ. ಎರಡೂ ನಾಯಿಯ ಎದೆಬಡಿತ ಏರಿಸುತ್ತವೆ, ಹೆಚ್ಚಾದರೆ ಸೆಳೆತ ಬರುತ್ತದೆ. ಈಗ ಗಸಟು ಮುಚ್ಚಳದ ಡ್ರಮ್ಮಿಗೆ. ಗಲ್ಲಾ ಪಕ್ಕದ ಶುಗರ್‌ಫ್ರೀ ಚೂಯಿಂಗ್ ಗಮ್ ಚೀಟಿಯಲ್ಲಿ ಝೈಲಿಟಾಲ್ (ಸಕ್ಕರೆ ಬದಲು ಹಾಕುವ ಸಿಹಿ) ಎಂದಿದೆಯೋ ನೋಡಿ. ನಾಯಿಯ ಮೈಯಲ್ಲಿ ಅದು ಇನ್ಸುಲಿನ್ ಒಮ್ಮೆಲೇ ಉಕ್ಕಿಸುತ್ತದೆ, ಅರ್ಧ ಒಂದು ಗಂಟೆಯಲ್ಲೇ ರಕ್ತದ ಸಕ್ಕರೆ ಕುಸಿದು ನಾಯಿ ಬೀಳಬಹುದು. ಕಿಲೋ ತೂಕಕ್ಕೆ 0.1 ಗ್ರಾಂ ಸಾಕು.

ಮುಂಬೈ ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ ಭುಟ್ಟಾ, ಅಂದರೆ ಸುಟ್ಟ ಮೆಕ್ಕೆಜೋಳದ ತೆನೆ. ಬೆಣ್ಣೆ, ಉಪ್ಪು ಹತ್ತಿದ ದಿಂಡನ್ನು ಜನ ರಸ್ತೆಗೆ ಎಸೆಯುತ್ತಾರೆ, ನಾಯಿ ತುಂಡು ಮಾಡಿ ನುಂಗುತ್ತದೆ. ಅದು ಕರಗದೆ ಕರುಳಿನಲ್ಲಿ ಅಡ್ಡ ಕೂತರೆ ಆಪರೇಷನ್ನೇ ಗತಿ. ಮಾವಿನ ವಾಟೆಯದೂ ಇದೇ ಕಥೆ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳುತ್ತದೆ, ಗಂಟಲಿಗೋ ಕರುಳಿಗೋ ಚುಚ್ಚುತ್ತದೆ.

ತಿನ್ನಬಾರದ್ದು ತಿಂದದ್ದು ಕಂಡರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಆ ಉಪ್ಪೇ ಮೈಗೆ ಏರಿ ವಿಷವಾಗುತ್ತದೆ. ವಾಂತಿ ಮಾಡಿಸುವ ಇಂಜೆಕ್ಷನ್ ಡಾಕ್ಟರ ಹತ್ತಿರ ಇರುತ್ತದೆ, ಆದರೆ ತಿಂದ ಒಂದೆರಡು ಗಂಟೆಯೊಳಗೆ ಮುಟ್ಟಿದರೆ ಹೆಚ್ಚು ಉಪಯೋಗ. ವಾಂತಿ ಆದೀತೋ ನೋಡೋಣ ಎಂದು ಕಾಯದೆ ಫೋನು ಮಾಡಿ. ಏನು ತಿಂದಿತು, ಅಂದಾಜು ಎಷ್ಟು, ಎಷ್ಟು ಹೊತ್ತಿಗೆ, ನಾಯಿಯ ತೂಕ ಎಷ್ಟು, ಈ ನಾಲ್ಕು ಹೇಳಿ. ಪ್ಯಾಕೆಟ್ಟಿನದಾದರೆ ಆ ಪ್ಯಾಕೆಟ್ಟನ್ನು ಬಿಸಾಡದೆ ಜೊತೆಗೇ ಒಯ್ಯಿರಿ.